ಗ್ವಾನಹ್ವಾತೊ ದಂಪತಿಯಾತ್ರಾ ಮೀಮಾಂಸೆ

ಇಬ್ಬರು, ಎರಡು ರಾತ್ರಿ, ಒಂದು ಸೂಟ್‌ಕೇಸು: ಇದಕ್ಕೆ ದಂಪತಿಯಾತ್ರೆಯೆಂದು ಹೆಸರು. ಮಕ್ಕಳೂ ಜೊತೆಗಿದ್ದರೆ ಅದು ಸಾಗಾಣಿಕೆ. ಈ ಶಾಸ್ತ್ರದ ವ್ಯಾಪ್ತಿಗೆ ಬಾರದು. ಸ್ಥಳ, ಮೆಕ್ಸಿಕೊದ ಗ್ವಾನಹ್ವಾತೊ. ಸುಮಾರು 2,000 ಮೀಟರ್ ಎತ್ತರದಲ್ಲಿ, ಬೆಳ್ಳಿಗಣಿಯ ದುಡ್ಡಿನಿಂದ ಎದ್ದು, 1988ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಊರು.

ಮೊದಲು ಕಾಲನಿರ್ಣಯ. ಅಕ್ಟೋಬರ್‌ನಲ್ಲಿ ಹೋದರೆ 1972ರಿಂದ ನಡೆದುಬಂದ ಸೆರ್ವಾಂತಿನೊ ಕಲೋತ್ಸವ ಸಿಗುತ್ತದೆಂದು ಪೂರ್ವಪಕ್ಷ. ಕೋಣೆ ಸಿಗುವುದಿಲ್ಲವೆಂದು ಉತ್ತರಪಕ್ಷ. ಸಿಕ್ಕರೂ ನಿದ್ದೆ ಸಿಗದೆಂದು ವಾರ್ತಿಕಕಾರರು.

‘ಕೋಣೆಯಿಂದ ಇಡೀ ಊರು ಕಾಣುತ್ತದೆ’ ಎಂಬ ಹೋಟೆಲ್ ವಾಕ್ಯದ ವಾಚ್ಯಾರ್ಥ ಸೌಂದರ್ಯ, ವ್ಯಂಗ್ಯಾರ್ಥ ಮೆಟ್ಟಿಲು. ಕಲ್ಲುಹಾಸಿನ ಓಣಿಯಲ್ಲಿ ಸೂಟ್‌ಕೇಸಿನ ಚಕ್ರ ಕೇವಲ ಆಭರಣ, ಹೊರಬೇಕಾದ್ದು ಬೆನ್ನೇ. ಈ ಸಂಪ್ರದಾಯದ ಆದ್ಯಪುರುಷ ಪಿಪಿಲಾ. ಸ್ಪೇನ್ ಆಳ್ವಿಕೆಯ ವಿರುದ್ಧದ ದಂಗೆಯಲ್ಲಿ, 1810ರ ಸೆಪ್ಟೆಂಬರ್ 28ರಂದು, ಈ ಗಣಿಕಾರ ಗುಂಡಿನಿಂದ ಪಾರಾಗಲು ಬೆನ್ನಿಗೆ ಚಪ್ಪಡಿ ಕಟ್ಟಿಕೊಂಡು ತೆವಳಿ, ಸ್ಪೇನ್ ಪಕ್ಷದವರು ಅಡಗಿದ್ದ ಧಾನ್ಯದ ಉಗ್ರಾಣದ ಬಾಗಿಲಿಗೆ ಬೆಂಕಿ ಇಟ್ಟನೆಂದು ಐತಿಹ್ಯ. ಪತ್ನಿ ಗುಡ್ಡದ ಮೇಲಿನ ಅವನ ಪ್ರತಿಮೆ ತೋರಿಸಿ, “ಪಾಪ, ಅವನು ಬಂಡೆ ಹೊತ್ತಿದ್ದ ಕಣ್ರಿ” ಎಂದರೆ ಅದು ದೃಷ್ಟಾಂತ. ಪ್ರತ್ಯುತ್ತರ ಕೂಡದು.

ಇನ್ನು ಮಾರ್ಗಪ್ರಕರಣ. ಇಲ್ಲಿ ಹಿಂದೆ ನದಿ ಹರಿದ ಪಾತ್ರವೇ ಇಂದು ನೆಲದಡಿಯ ರಸ್ತೆ. ಅದರ ಮೇಲೆ ಬೇರೆ ಬೀದಿ. ಮೊಬೈಲ್ ನಕ್ಷೆ ಶುದ್ಧ ಅದ್ವೈತಿ: ಮೇಲಿನದು ಕೆಳಗಿನದು ಎಂಬ ಭೇದವೇ ಅದಕ್ಕಿಲ್ಲ, ‘ತಲುಪಿದಿರಿ’ ಎಂದು ಸುರಂಗದಲ್ಲೇ ಘೋಷಿಸುತ್ತದೆ. ದ್ವೈತದ ಅನುಭವವೆಲ್ಲ ಕಾಲಿಗೆ.

ಮಮ್ಮಿಗಳ ವಸ್ತುಸಂಗ್ರಹಾಲಯದ ಬಗ್ಗೆ ದಂಪತಿಗಳಲ್ಲಿ ಒಮ್ಮತವಿಲ್ಲ. ಸಮಾಧಿಯ ತೆರಿಗೆಯನ್ನು ಬಂಧುಗಳು ಕಟ್ಟದ ಕಾರಣ ಅಗೆದು ತೆಗೆದ, ತಾವಾಗಿ ಒಣಗಿದ್ದ ದೇಹಗಳಿವು. ಮೊದಲನೆಯದು ಹೊರಬಂದದ್ದು 1865ರಲ್ಲಿ. ಬಾಕಿ ಇಟ್ಟರೆ ಸತ್ತವರನ್ನೂ ಎಬ್ಬಿಸಿದ ಊರಿನಲ್ಲಿ ಹೋಟೆಲ್ ಬಿಲ್ಲಿಗೆ ಚೌಕಾಸಿ ಮಾಡುವುದು ಪತಿಯ ಧೈರ್ಯವೆಂದು ಕೆಲವರು, ಅಜ್ಞಾನವೆಂದು ಪತ್ನಿ.

ಎಲ್ಲ ವಾದವೂ ಕೊನೆಗೆ ಬಂದು ಸಿಕ್ಕಿಕೊಳ್ಳುವುದು ಮುತ್ತಿನ ಓಣಿಯಲ್ಲಿ, ಕಾಯೆಹೋನ್ ದೆಲ್ ಬೇಸೊದಲ್ಲಿ. ಎದುರುಬದುರು ಮನೆಗಳ ಬಾಲ್ಕನಿಗಳ ನಡುವೆ 68 ಸೆಂಟಿಮೀಟರ್ ಅಂತರ. ಮೂರನೆಯ ಮೆಟ್ಟಿಲ ಮೇಲೆ ಮುತ್ತಿಟ್ಟ ಜೋಡಿಗೆ ಏಳು ವರ್ಷ ಶುಭ, ಇಡದೆ ಹೋದರೆ ಏಳು ವರ್ಷ ಅಶುಭ. ಮೂಲಕಥೆ ನೋಡಿದರೋ, ಬಡ ಗಣಿಕಾರನನ್ನು ಪ್ರೀತಿಸಿದ ಕಾರ್ಮೆನ್‌ಳನ್ನು ಅಪ್ಪನೇ ಇರಿದ. ಪ್ರಿಯಕರನಿಗೆ ಮುತ್ತಿಡಲು ದಕ್ಕಿದ್ದು ತಣ್ಣಗಾಗುತ್ತಿದ್ದ ಕೈ. ಇಂಥ ಬೀಜದಿಂದ ಶುಭಫಲ ಹೇಗೆಂದು ಕೇಳಿದರೆ ಶಾಸ್ತ್ರ ಕೆಮ್ಮುತ್ತದೆ. ಹತ್ತೊಂಬತ್ತು ವರ್ಷ ಸಂಸಾರ ಮಾಡಿದವರಿಗೆ ಫಲ ಪೂರ್ವಾನ್ವಯವಾಗುತ್ತದೆಯೇ ಎಂಬುದೂ ಇತ್ಯರ್ಥವಾಗಿಲ್ಲ.

ಮುತ್ತಿಗೆ ಇಬ್ಬರು ಸಾಕು, ಫೋಟೊಕ್ಕೆ ಮೂರನೆಯವರು ಬೇಕು. ಸಾಲಿನಲ್ಲಿ ಹಿಂದೆ ನಿಂತ ಅಪರಿಚಿತರ ಕೈಗೆ ಮೊಬೈಲ್ ಕೊಟ್ಟು ವಿಧಿ ಮುಗಿಸತಕ್ಕದ್ದು. ಪ್ರಬಂಧಕಾರನ ಬಳಿಯಿರುವ ಪ್ರಮಾಣಚಿತ್ರದಲ್ಲಿ ಮೂರನೆಯ ಮೆಟ್ಟಿಲ ಮೇಲೆ ಸೂಟ್‌ಕೇಸು ನಿಂತಿದೆ. ದಂಪತಿ ನಾಲ್ಕನೆಯದರ ಮೇಲಿದ್ದಾರೆ.