ನನ್ನ ತಲೆಯ ನಕ್ಷೆ

ನನ್ನ ತಲೆಗೆ ಇಲ್ಲಿಯವರೆಗೆ ಯಾವ ಟೋಪಿಯೂ ಒಗ್ಗಿ ಬಂದಿಲ್ಲ. ಮದುವೆಯಲ್ಲಿ ಸುತ್ತಿದ ಪೇಟ ಮಾಂಗಲ್ಯಧಾರಣೆಯ ಹೊತ್ತಿಗೆ ಸರಿಯಾಗಿ ಬಿಚ್ಚಿಕೊಂಡು ಪುರೋಹಿತರ ಮಡಿಲು ಸೇರಿತು. ಸ್ಕೂಟರಿನ ಹೆಲ್ಮೆಟ್ಟು ಕಿವಿಯ ಮೇಲಕ್ಕೇ ನಿಂತುಬಿಡುತ್ತದೆ. ನಿವೃತ್ತಿಯ ದಿನ ಸಹೋದ್ಯೋಗಿಗಳು ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಒಂದು ರೆಡಿಮೇಡ್ ಮೈಸೂರು ಪೇಟವನ್ನೂ ತೊಡಿಸಿದರು. ಅದು ತಲೆಯ ಮೇಲೆ ಕೂರಲಿಲ್ಲ, ತಾತ್ಕಾಲಿಕವಾಗಿ ನೆಲೆಸಿತು. ಗೋಡೆಯ ಮೇಲಿರುವ ಆ ಫೋಟೋದಲ್ಲಿ, ಪೇಟ ಬೀಳದಂತೆ ಹಿಂದಿನಿಂದ ಯಾರದೋ ಕೈ ಹಿಡಿದುಕೊಂಡಿರುವುದು ಸ್ಪಷ್ಟವಾಗಿ ಕಾಣುತ್ತದೆ. ಮನೆಗೆ ಬಂದವರೆಲ್ಲ ಆ ಕೈ ಯಾರದು ಅಂತ ಕೇಳುತ್ತಾರೆ. ಪೇಟದ ಕೆಳಗಿರುವವನು ಯಾರು ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.

ಆದ್ದರಿಂದ ನನ್ನದು ಏನಿದ್ದರೂ ಮಂಕಿ ಕ್ಯಾಪು. ಉಣ್ಣೆಯದು, ಎಳೆದಷ್ಟು ಬರುತ್ತದೆ, ಪ್ರಶ್ನೆ ಕೇಳುವುದಿಲ್ಲ.

ಇಂಥ ಮನುಷ್ಯ ಟೋಪಿಯ ಮ್ಯೂಸಿಯಮ್ಮಿಗೆ ಯಾಕೆ ಹೋದ ಅಂದರೆ, ಮಳೆ. ಮ್ಯಾಂಚೆಸ್ಟರಿನ ಮಗಳ ಮನೆಯಲ್ಲಿ ಕಿಟಕಿ ಪಕ್ಕ ಕೂತು "ಇವತ್ತೂ ಬಿಡೋ ಹಂಗೆ ಕಾಣಲ್ಲ" ಅನ್ನುತ್ತಿದ್ದ ನನ್ನನ್ನು ನೋಡಿ ಅಳಿಯನಿಗೆ ಸಾಕಾಗಿರಬೇಕು. "ಮಾವ, ಸ್ಟಾಕ್‌ಪೋರ್ಟಿಗೆ ಹೋಗಿ ಬನ್ನಿ. ರೈಲಿನಲ್ಲಿ ಹತ್ತು ನಿಮಿಷ. ಹ್ಯಾಟ್ ವರ್ಕ್ಸ್ ಅಂತ ಟೋಪಿ ತಯಾರಿಕೆಯದೇ ಒಂದು ಮ್ಯೂಸಿಯಂ ಇದೆ. ಸ್ಟೇಷನ್ನಿಂದ ನಡೆದೇ ಹೋಗಬಹುದು, ಮ್ಯಾಪ್ ಕಳಿಸ್ತೀನಿ" ಅಂದ. "ಮ್ಯಾಪೆಲ್ಲ ಯಾಕೆ, ಬಾಯಿಲ್ಲವಾ, ಕೇಳಿಕೊಂಡು ಹೋಗ್ತೀವಿ" ಅಂದೆ. ನನ್ನ ಜೀವನದ ಮುಕ್ಕಾಲು ಪಾಲು ಅನಾಹುತಗಳು ಈ ವಾಕ್ಯದಿಂದಲೇ ಶುರುವಾಗಿವೆ.

ರೈಲು ಊರಿನ ನೆತ್ತಿಯ ಮೇಲೆ ಹಾಯುವ ದೊಡ್ಡ ಸೇತುವೆ ದಾಟಿ ಸ್ಟೇಷನ್ನು ಸೇರುತ್ತದೆ. 1840ರದ್ದು, 27 ಕಮಾನುಗಳು, ಒಂದು ಕೋಟಿಗೂ ಮೀರಿದ ಇಟ್ಟಿಗೆ. ಅದನ್ನು ನನ್ನಾಕೆಗೆ ವಿವರಿಸುತ್ತಲೇ ಇಳಿದೆ. ಹೊರಗೆ ನೀಲಿ ಬಿಳಿ ಸ್ಕಾರ್ಫು ಸುತ್ತಿಕೊಂಡ ಧಡೂತಿ ಆಸಾಮಿಯೊಬ್ಬ ಸಿಕ್ಕ. ಟೋಪಿ ಮಾಡುವವರನ್ನು ಇಂಗ್ಲಿಷಿನಲ್ಲಿ ಹ್ಯಾಟರ್ಸ್ ಅನ್ನುತ್ತಾರೆಂದು ಓದಿದ್ದೆನಲ್ಲ, ವಿದ್ಯೆ ತೋರಿಸಲು ಸಮಯ ಬಂತು. "ಹ್ಯಾಟರ್ಸ್‌ನ ನೋಡಬೇಕಿತ್ತು, ಎಲ್ಲಿ?" ಎಂದೆ. ಅವನ ಮುಖ ಅರಳಿತು. ನನ್ನ ಬೆನ್ನಿಗೊಂದು ಏಟು ಹಾಕಿ, ನಮ್ಮ ಜೊತೆಗೇ ಬಾ ಎಂದ.

ಹೋದೆವು. ದಾರಿಯುದ್ದಕ್ಕೂ ಜನ ಸೇರುತ್ತಾ ಹೋದರು. ಅಪ್ಪಂದಿರು, ಮಕ್ಕಳು, ನನಗಿಂತ ಹಿರಿಯರು. "ನೋಡೇ, ಒಂದು ಮ್ಯೂಸಿಯಮ್ಮಿಗೆ ಹೇಗೆ ಮುಗಿಬಿದ್ದಿದಾರೆ. ನಮ್ಮೂರಲ್ಲಾದರೆ ವಾಚ್‌ಮನ್ನು, ಅವನ ಬೈಕು, ಎರಡೇ" ಎಂದು ಭಾಷಣ ಮಾಡಿದೆ.

"ರೀ, ಇವರು ಯಾರೂ ಟೋಪಿ ಹಾಕಿಲ್ಲವಲ್ಲ?"

"ಒಳಗೆ ಕೊಡ್ತಾರೆ ಕಣೆ."

ಗೇಟಿನಲ್ಲಿದ್ದ ಹುಡುಗನನ್ನು ಹಿರಿಯ ನಾಗರಿಕರಿಗೆ ರಿಯಾಯಿತಿ ಉಂಟೇ ಎಂದು ಕೇಳಿದೆ. ಉಂಟು ಎಂದ. ಪೂರ್ತಿ ನೋಡಲು ಎಷ್ಟು ಹೊತ್ತು ಬೇಕು ಎಂದೆ. ತೊಂಬತ್ತು ನಿಮಿಷ, ನಡುವೆ ಹದಿನೈದು ನಿಮಿಷ ಬಿಡುವು ಎಂದ. ಎಂಥ ಶಿಸ್ತು! ಮೊಲದ ತುಪ್ಪಟದಿಂದ ಮಾಡುವುದನ್ನು ಎದುರಿಗೇ ತೋರಿಸುತ್ತಾರೋ ಎಂದು ಕೇಳಿದ ಮೇಲೆ ಮಾತ್ರ ಅವನು ಉತ್ತರ ಕೊಡದೆ ಪಕ್ಕದವನ ಮುಖ ನೋಡಿದ. ಕನ್ನಡಕ ಹಣೆಯ ಮೇಲಕ್ಕೇರಿಸಿ ಎತ್ತರದ ಫಲಕ ನೋಡಿದೆ. ಸ್ಟಾಕ್‌ಪೋರ್ಟ್ ಕೌಂಟಿ ಫುಟ್‌ಬಾಲ್ ಕ್ಲಬ್.

ಊರು ಟೋಪಿಯದ್ದಾದ್ದರಿಂದ ಇಲ್ಲಿನ ಫುಟ್‌ಬಾಲ್ ತಂಡದ ಅಡ್ಡಹೆಸರೇ ಹ್ಯಾಟರ್ಸ್. 1902ರಿಂದ ಅವರ ಆಟದ ಮೈದಾನ ಇದೇ ಎಡ್ಜ್‌ಲೀ ಪಾರ್ಕ್. ಸ್ಕಾರ್ಫಿನವನಿಗೆ ವಿಷಯ ತಿಳಿಸಿದಾಗ ಅವನು ನಕ್ಕ ನಗುವಿನಷ್ಟು ದೊಡ್ಡ ಸದ್ದು ಆ ದಿನ ಮೈದಾನದೊಳಗೆ ಇನ್ನೊಂದು ಆಗಿರಲಾರದು. ಮ್ಯೂಸಿಯಂ ಸ್ಟೇಷನ್ನಿನ ಆ ಕಡೆಯಂತೆ. ಮಳೆ ಜೋರಾಯಿತು. ಮಂಕಿ ಕ್ಯಾಪನ್ನು ಎಳೆದುಕೊಂಡು, ನನ್ನಾಕೆಯ ಮೌನದ ಹಿಂದೆ ಹಿಂದೆ ನಡೆದೆ.

ಮ್ಯೂಸಿಯಂ ಇರುವುದು ವೆಲಿಂಗ್ಟನ್ ಮಿಲ್ಲಿನಲ್ಲಿ. ಉದ್ದ ಚಿಮಣಿಯ, ಏಳು ಅಂತಸ್ತಿನ ಇಟ್ಟಿಗೆ ಕಟ್ಟಡ. ಸುಮಾರು 1830ರಲ್ಲಿ ಹತ್ತಿ ನೂಲಲು ಕಟ್ಟಿದ್ದು, ಆ ಶತಮಾನದ ಕೊನೆಗೆ ಟೋಪಿ ಕಾರ್ಖಾನೆಯಾಯಿತು, 2000ದಲ್ಲಿ ಮ್ಯೂಸಿಯಂ. ಒಳಗೆ ಹೋಗಿ ಮೊದಲ ಫಲಕದ ಮುಂದೆ ನಿಂತು ಜೇಬು ತಡಕಿದರೆ ಕನ್ನಡಕವಿಲ್ಲ. "ಹೋಯಿತು ಕಣೆ. ಆ ನೂಕುನುಗ್ಗಲಲ್ಲಿ ಯಾರೋ ಹಾರಿಸಿದರು." "ನಿಮ್ಮ ಕನ್ನಡಕ ಹಾರಿಸಿ ಫುಟ್‌ಬಾಲ್ ನೋಡ್ತಾರಾ?" ಎಂದಳು. ಅಲ್ಲಿಂದ ಮುಂದೆ ಫಲಕಗಳನ್ನೆಲ್ಲ ಅವಳು ಓದಬೇಕು, ನಾನು ಕೇಳಬೇಕು ಎಂದಾಯಿತು. ಮನೆಯ ವ್ಯವಸ್ಥೆಗೂ ಇದಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ.

1884ರ ಹೊತ್ತಿಗೆ ಈ ಊರು ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಟೋಪಿಗಳನ್ನು ಹೊರಕ್ಕೆ ಕಳಿಸುತ್ತಿತ್ತು. ಆಮೇಲೆ ಕಾರು ಬಂತು, ಜನ ಬರಿತಲೆಯಲ್ಲಿ ಓಡಾಡತೊಡಗಿದರು, ಒಂದೊಂದೇ ಕಾರ್ಖಾನೆ ಬಾಗಿಲು ಹಾಕಿತು. 1997ರಲ್ಲಿ ಕೊನೆಯದೂ ಮುಚ್ಚಿತು.

ನಮ್ಮ ಗುಂಪಿಗೆ ದಾರಿ ತೋರಿಸಿದವರು ಬೆಳ್ಳಿಗೂದಲಿನ ಒಬ್ಬ ಹಿರಿಯ ಹೆಂಗಸು. 1784ರಿಂದ 1811ರವರೆಗೆ ಇಂಗ್ಲೆಂಡಿನಲ್ಲಿ ಗಂಡಸರ ಟೋಪಿಗೆ ತೆರಿಗೆ ಇತ್ತು ಎಂದು ಅವರು ಹೇಳಿದಾಗ ನನ್ನ ಬೆನ್ನು ನೆಟ್ಟಗಾಯಿತು. ಬದುಕಿಡೀ ತೆರಿಗೆ ಲೆಕ್ಕ ನೋಡಿಕೊಂಡು ಬಂದವನು ನಾನು. ದರ ಎಷ್ಟು, ಸ್ಲ್ಯಾಬ್ ಉಂಟೋ ಎಂದು ಕೇಳಿದೆ. ಉಂಟು: ಅಗ್ಗದ ಟೋಪಿಗೆ ಮೂರು ಪೆನ್ಸು, 12 ಶಿಲಿಂಗಿಗೆ ಮೇಲ್ಪಟ್ಟದ್ದಕ್ಕೆ ಎರಡು ಶಿಲಿಂಗು. ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ಟೋಪಿಯ ಒಳಗೆ ಮುದ್ರೆಯ ಚೀಟಿ. ಚೀಟಿ ನಕಲು ಮಾಡಿದರೆ? ಗಲ್ಲು. ನಾವು ಇಷ್ಟು ವರ್ಷ ಬರೀ ನೋಟಿಸು ಕೊಟ್ಟುಕೊಂಡು ಕೂತಿದ್ದೆವು.

ಕೆಳಗಿನ ಮಹಡಿಯಲ್ಲಿ ಯಂತ್ರಗಳು. ಫೆಲ್ಟ್ ಟೋಪಿಗೆ ನೇಯ್ಗೆಯಿಲ್ಲ, ನೂಲಿಲ್ಲ. ಮೊಲದ ಚರ್ಮದ ಮೇಲಿನ ಮೆದು ತುಪ್ಪಟ ಬಿಸಿನೀರು, ಹಬೆ, ಒತ್ತಡ ತಿಂದು ಒಂದಕ್ಕೊಂದು ಹೆಣೆದುಕೊಳ್ಳಬೇಕು. ಹಾಗೆ ಹೆಣೆದುಕೊಳ್ಳಲು ಕೂದಲು ಒರಟಾಗಿರಬೇಕು. ಅದಕ್ಕೆ ಹಿಂದಿನವರು ಚರ್ಮಕ್ಕೆ ಪಾದರಸದ ನೈಟ್ರೇಟ್ ಬಳಿಯುತ್ತಿದ್ದರು. ಕೂದಲಿನ ತುದಿ ಕ್ಯಾರೆಟ್ ಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ಹಬೆ ತುಂಬಿದ ಮುಚ್ಚಿದ ಕೋಣೆಗಳಲ್ಲಿ ಅದೇ ಪಾದರಸ ಆವಿಯಾಗಿ ಕೆಲಸಗಾರರ ಉಸಿರಿಗೆ ಹೋಗುತ್ತಿತ್ತು. ಕೈ ನಡುಗುವುದು, ಹಲ್ಲು ಸಡಿಲವಾಗುವುದು, ಸುಮ್ಮಸುಮ್ಮನೆ ಸಿಟ್ಟು, ಯಾರಾದರೂ ನೋಡುತ್ತಿದ್ದರೆ ಕೆಲಸ ಮಾಡಲಾರದಷ್ಟು ಅಂಜಿಕೆ. ಟೋಪಿಯವನ ಹುಚ್ಚು ಎಂದು ಊರೆಲ್ಲ ನಗುತ್ತಿದ್ದುದು ಈ ರೋಗಕ್ಕೆ. 1865ರಲ್ಲಿ ಬಂದ ಆಲಿಸ್ ಕತೆಯ ಟೋಪಿಯವನನ್ನು ಓದಿ ನಾನೂ ನಕ್ಕಿದ್ದೆ. ಆ ಯಂತ್ರಗಳ ನಡುವೆ ನಿಂತು ಕೇಳಿದಾಗ ನಗು ಬರಲಿಲ್ಲ.

ನನ್ನಾಕೆ ಮಾತ್ರ ರೋಗಲಕ್ಷಣಗಳನ್ನು ಬೆರಳು ಮಡಿಚಿ ಎಣಿಸುತ್ತಿದ್ದಳು. "ಸುಮ್ಮಸುಮ್ಮನೆ ಸಿಟ್ಟು... ಇವರು ಪಾದರಸ ಮುಟ್ಟೇ ಇಲ್ಲ, ಆದರೂ..." ಎಂದು ತನ್ನಷ್ಟಕ್ಕೆ ಅಂದುಕೊಂಡದ್ದು ನನಗೆ ಕೇಳುವ ಹಾಗೇ ಇತ್ತು.

ಟೋಪಿ ಹುಟ್ಟುವುದು ಒಂದು ತೂತುತೂತಾದ ತಾಮ್ರದ ಶಂಕುವಿನ ಮೇಲೆ. ಒಳಗಿನಿಂದ ಫ್ಯಾನು ಗಾಳಿ ಹೀರುತ್ತದೆ, ಹೊರಗೆ ತೇಲಿಬಿಟ್ಟ ತುಪ್ಪಟ ಬಂದು ಬೊಂಬಾಯಿ ಮಿಠಾಯಿಯ ಹಾಗೆ ಸುತ್ತಿಕೊಳ್ಳುತ್ತದೆ. ಬಿಸಿನೀರು ಚಿಮ್ಮಿಸಿ ಎಬ್ಬಿಸಿ ತೆಗೆದರೆ, ಕೈಯಲ್ಲಿ ಒಂದು ಭಾರೀ ಮೆತ್ತನೆ ಕುಲಾವಿ. ಅದರ ಮಾದರಿಯನ್ನು ಅವರು ಎತ್ತಿ ಹಿಡಿದಾಗ ನನ್ನ ಎದೆ ತುಂಬಿ ಬಂತು. ಕಡೆಗೂ ನನ್ನ ಅಳತೆಯ ಟೋಪಿ! "ಇದನ್ನು ಮಾರುತ್ತೀರಾ?" ಎಂದೆ. ಅಮ್ಮಣ್ಣಿ ಮೃದುವಾಗಿ, ಇದು ಟೋಪಿಯಲ್ಲ, ಇನ್ನು ಕುದಿನೀರಿನಲ್ಲಿ ಅದ್ದಿ ಹೊರಳಿಸಿ ಹೊರಳಿಸಿ ಅರ್ಧಕ್ಕಿಂತ ಚಿಕ್ಕದು ಮಾಡಬೇಕು, ಆಮೇಲೆ ಮರದಚ್ಚಿಗೆ ಎಳೆದು ಕೂರಿಸಬೇಕು, ಆಗ ಮನುಷ್ಯರ ತಲೆಗೆ ಸರಿಯಾಗುತ್ತದೆ ಎಂದರು. ಮನುಷ್ಯರ ಎಂಬಲ್ಲಿ ಒತ್ತು ಇತ್ತೋ ಇಲ್ಲವೋ ತಿಳಿಯದು.

ಅವಮಾನ ತೀರಿಸಿಕೊಳ್ಳಲು ನಮ್ಮ ಕಡೆಯ ಅಡಿಕೆ ಹಾಳೆ ಟೋಪಿಯ ವಿಷಯ ತೆಗೆದೆ. ಪಾದರಸವಿಲ್ಲ, ಹಬೆಯಿಲ್ಲ, ತೋಟದಲ್ಲಿ ಬಿದ್ದ ಹಾಳೆಯನ್ನು ಎತ್ತಿ ಮಡಿಸಿ ಹೊಲಿದರೆ ಮುಗಿಯಿತು, ನಮ್ಮಜ್ಜ ಅದರಲ್ಲೇ ಕಾಲ ಕಳೆದರು ಎಂದೆ. ನಿಮಗೆ ಮಾಡಲು ಬರುತ್ತದೆಯೇ ಎಂದು ಕೇಳಿದರು. ವಿಷಯ ಅಲ್ಲಿಗೆ ನಿಂತಿತು.

ಬೌಲರ್ ಟೋಪಿಯ ಹತ್ತಿರ ಇನ್ನೊಂದು ಅವಕಾಶ ಸಿಕ್ಕಿತು. ಚಾಪ್ಲಿನ್ ತಲೆಯ ಮೇಲಿತ್ತಲ್ಲ, ಅದು. 1849ರಲ್ಲಿ ಲಂಡನ್ನಿನಲ್ಲಿ ಅದನ್ನು ಮಾಡಿಸಿದ್ದು ಬೇಟೆ ಕಾಡಿನ ಕಾವಲುಗಾರರಿಗೆ, ಕೊಂಬೆ ಬಡಿದರೆ ತಲೆ ಉಳಿಯಲಿ ಎಂದು. ಮಾಡಿಸಿದ ಕೋಕ್ ಸಾಹೇಬ ಅದನ್ನು ನೆಲಕ್ಕೆ ಹಾಕಿ, ಮೇಲೆ ಹತ್ತಿ ತುಳಿದು, ಅಪ್ಪಚ್ಚಿಯಾಗದ್ದನ್ನು ನೋಡಿಯೇ ದುಡ್ಡು ಕೊಟ್ಟ ಎಂಬ ಕತೆಯಿದೆ. ಆ ಗಟ್ಟಿತನ ಬರುವುದು ಷೆಲ್ಯಾಕಿನಿಂದ, ಅಂದರೆ ನಮ್ಮ ಅರಗು, ಇಂಡಿಯಾದಿಂದಲೇ ಬರುತ್ತಿತ್ತು ಎಂದರು ಅಮ್ಮಣ್ಣಿ. ನಾನು ಬಿಡುತ್ತೇನೆಯೇ? ಇದೇ ಅರಗಿನಿಂದ ದುರ್ಯೋಧನ ವಾರಣಾವತದಲ್ಲಿ ಮನೆ ಕಟ್ಟಿಸಿದ್ದನ್ನೂ, ಪಾಂಡವರನ್ನು ಒಳಗೆ ಕೂಡಿ ಬೆಂಕಿ ಇಡಲು ಹೊರಟದ್ದನ್ನೂ, ಸುರಂಗವನ್ನೂ ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಗುಂಪು ತಣ್ಣಗಾಯಿತು. ಅಮ್ಮಣ್ಣಿ ಮೊದಲು ನನ್ನನ್ನು, ಆಮೇಲೆ ಬಾಗಿಲನ್ನು ನೋಡಿ, ಏನೂ ಹೆದರಬೇಡಿ, ಮಿಲ್ಲುಗಳಿಗೆ ಆಗಾಗ ಬೆಂಕಿ ಬೀಳುತ್ತಿತ್ತು ಅಂತಲೇ ಇದನ್ನು ಕಬ್ಬಿಣದ ಕಂಬ, ಇಟ್ಟಿಗೆ ಕಮಾನು ಹಾಕಿ ಕಟ್ಟಿದ್ದಾರೆ, ಸುಡುವುದಿಲ್ಲ ಎಂದು ಸಮಾಧಾನ ಮಾಡಿದರು. ಒಂದಿಬ್ಬರು ತಾಯಂದಿರು ಮಕ್ಕಳನ್ನು ಹತ್ತಿರಕ್ಕೆಳೆದುಕೊಂಡರು.

ಇಷ್ಟಾದ ಮೇಲೂ "ತಲೆ ಅಳತೆ ಕೊಡಲು ಯಾರು ಬರುತ್ತೀರಿ?" ಎಂದಾಗ ಕೈಯೆತ್ತಿದವನು ನಾನೇ. ಬೌಲರಿನಂಥ ಗಟ್ಟಿ ಟೋಪಿ ತಲೆಗೆ ತಕ್ಕಂತೆ ಬಗ್ಗುವುದಿಲ್ಲ. ಅದಕ್ಕಾಗಿ 19ನೇ ಶತಮಾನದಲ್ಲಿ ಪ್ಯಾರಿಸ್ಸಿನವರು ಒಂದು ಉಪಕರಣ ಕಂಡುಹಿಡಿದರು, ಹೆಸರು ಕಾನ್ಫಾರ್ಮತೂರ್. ನೋಡಲು ಕಪ್ಪು ಟಾಪ್ ಹ್ಯಾಟು, ಆದರೆ ಸುತ್ತಲೂ ಹಾರ್ಮೋನಿಯಂ ಮನೆಗಳಂಥ ಪಟ್ಟಿಗಳು. ತಲೆಗೆ ಇಳಿಸಿದರೆ ಪಟ್ಟಿಗಳು ಬುರುಡೆಯ ಉಬ್ಬುತಗ್ಗನ್ನು ಹಿಡಿದು ಸರಿಯುತ್ತವೆ. ಪ್ರತಿ ಪಟ್ಟಿಗೂ ಮೇಲೊಂದು ಮುಳ್ಳು. ಮುಚ್ಚಳದಲ್ಲಿ ಕಾಗದ ಸಿಕ್ಕಿಸಿ ಒತ್ತಿದರೆ, ತಲೆಯ ಆಕಾರ ಚುಕ್ಕಿಚುಕ್ಕಿಯಾಗಿ, ಚಿಕ್ಕದಾಗಿ ಮೂಡುತ್ತದೆ.

ಕ್ಯಾಪು ತೆಗೆಯಿರಿ ಎಂದರು. ಶೀತದ ತಲೆ, ಇದು ತೆಳು ಉಣ್ಣೆ, ಲೆಕ್ಕಕ್ಕಿಲ್ಲ ಎಂದೆ. ಪಾಪ, ಅರಗಿನ ಮನೆ ಕೇಳಿದವರು, ವಾದಕ್ಕೆ ಬರಲಿಲ್ಲ. ಯಂತ್ರ ಇಳಿಯಿತು, ಹಿಡಿಯಿತು, ಎರಡು ಕಿವಿಯ ಮೇಲೂ ಕಟಕ್ ಎಂದಿತು. ಮುಚ್ಚಳ ತೆಗೆದು ಕಾಗದವನ್ನು ಬೆಳಕಿಗೆ ಹಿಡಿದ ಅಮ್ಮಣ್ಣಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಇಂಥ ತಲೆಯನ್ನು ನಾನು ನೋಡಿಯೇ ಇಲ್ಲ ಎಂದರು. ನಾನು ನಮ್ರನಾಗಿ ನಕ್ಕೆ. ವಂಶದಲ್ಲೇ ಬಂದದ್ದು ಎಂದೂ ಸೇರಿಸಿದೆ. ಕಾಗದದಲ್ಲಿ ಒಂದು ಸೊಟ್ಟ ಮೊಟ್ಟೆ, ಎರಡು ಬದಿಗೂ ಉದ್ದುದ್ದ ದಿಣ್ಣೆ, ಹಣೆಯ ಕಡೆ ಚೌಕಾಕಾರದ ಎರಡು ಉಬ್ಬು.

ನನ್ನಾಕೆ ಕಾಗದ ನೋಡಿದಳು, ನನ್ನನ್ನು ನೋಡಿದಳು, ಮುಂದೆ ಬಂದು ಮಂಕಿ ಕ್ಯಾಪಿನ ಕುಚ್ಚು ಹಿಡಿದು ಎತ್ತಿದಳು. ಕನ್ನಡಕ ನೆತ್ತಿಯ ಮೇಲೆ ಕೂತಿತ್ತು. ಒಂದು ಕಡ್ಡಿ ಫ್ರೆಂಚ್ ಶೈಲಿಯಲ್ಲಿ ಬಾಗಿತ್ತು.

ಮಕ್ಕಳು ಚಪ್ಪಾಳೆ ತಟ್ಟಿದರು. ಮ್ಯಾಜಿಕ್ ಎಂದುಕೊಂಡರೋ ಏನೋ.

ಹೊರಡುವಾಗ ಅಂಗಡಿಯಲ್ಲಿ ನನ್ನಾಕೆ ನೇರಳೆ ಬಣ್ಣದ ಒಂದು ಫೆಲ್ಟ್ ಟೋಪಿ ಎತ್ತಿ ತಲೆಗಿಟ್ಟುಕೊಂಡಳು. ಅಷ್ಟೇ, ಕೂತಿತು. ಕನ್ನಡಿ ಕೂಡ ಸರಿಯಾಗಿ ನೋಡಲಿಲ್ಲ, ದುಡ್ಡು ಕೊಡಿ ಎಂದಳು. ರೈಲಿನಲ್ಲಿ ನನ್ನ ತಲೆಯ ಕಾಗದದ ಫೋಟೋ ತೆಗೆದು, ಒಂದಕ್ಷರ ವಿವರಣೆಯಿಲ್ಲದೆ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಸೇತುವೆ ದಾಟುವಷ್ಟರಲ್ಲಿ ಬೆಂಗಳೂರಿನಿಂದ ನನ್ನ ಭಾವಮೈದನ ಉತ್ತರ ಬಂತು. ರಿಟೈರಾದಾಗಿನಿಂದ ಅವನು ಸೈಟು ಹುಡುಕುತ್ತಿದ್ದಾನೆ.

"ಭಾವ, ಯಾವ ಲೇಔಟು ಇದು? ಕನಕಪುರ ರೋಡಾ? ಎರಡು ಕಡೆನೂ ಒತ್ತುವರಿ ಆಗಿರೋ ಹಂಗಿದೆ. ಜಾಗ ಖಾಲಿ ಇದೆ ತಾನೆ?"

ಬಾಗಿದ ಕನ್ನಡಕದಲ್ಲಿ ಅಕ್ಷರ ಹುಡುಕಿ ನಾನು ಟೈಪು ಮಾಡುವ ಮೊದಲೇ ಅವನ ಅಕ್ಕ ಉತ್ತರಿಸಿಯಾಗಿತ್ತು.

"ಪೂರ್ತಿ ಖಾಲಿ ಕಣೋ. ಇವತ್ತಿನವರೆಗೂ ಏನೂ ಕಟ್ಟಿಲ್ಲ."