ಗ್ಲಾಸ್ ಕಾಕಾ

ಗ್ಲಾಸ್ ಕಾಕಾ ಒಬ್ಬರೇ ಅಲ್ಲ. ರಾಯಚೂರಿನ ಓಣಿಗೊಬ್ಬರು ಇದ್ದಾರೆ. ದೇವದುರ್ಗ, ಮಾನ್ವಿಗಳಲ್ಲಿಯೂ ಅವರ ಶಾಖೆಗಳಿವೆ. ವಯಸ್ಸು ಐವತ್ತರ ಆಚೀಚೆ. ಅರ್ಧ ತೋಳಿನ ಬಿಳಿ ಅಂಗಿ, ಎಡಗಡೆಯ ಕಿಸೆ ಎರಡು ಬೆರಳು ಕೆಳಗೆ ಜೋತಿರುತ್ತದೆ. ದಾರಿಯಲ್ಲಿ ಸಿಕ್ಕವರಿಗೆ ನಮಸ್ಕಾರ ಹೇಳುವಾಗ ಬಲಗೈ ಹಣೆಗೆ ಹೋದರೆ ಎಡಗೈ ಕಿಸೆಗೆ ಹೋಗುತ್ತದೆ. ಹಿರಿಯರ ಕಾಲಿಗೆ ಬೀಳುವ ಪ್ರಸಂಗ ಬಂದರಂತೂ ಮೊದಲು ಫೋನು ಹೆಂಡತಿಯ ಕೈಗೆ, ಆಮೇಲೆ ಭಕ್ತಿ.

ನಾನು ಹೇಳುತ್ತಿರುವ ಕಾಕಾ ರಾಜೇಂದ್ರ ಗಂಜಿನ ಅಡತ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ಹತ್ತಿಯ ಹಂಗಾಮಿನಲ್ಲಿ ಲಕ್ಷಗಳು ಅವರ ಕೈಯಿಂದಲೇ ದಾಟಿಹೋಗುತ್ತವೆ, ಕೈ ನಡುಗುವುದಿಲ್ಲ. ಇಪ್ಪತ್ತೆರಡು ಸಾವಿರದ ಫೋನು ಕೈಗೆ ಬಂದ ದಿನ ನಡುಗಿತು. ಇದು ಅವರೊಬ್ಬರ ತಪ್ಪಲ್ಲ, ಮನೆತನದಿಂದ ಇಳಿದು ಬಂದದ್ದು. ಅವರ ತಂದೆಯ ರೇಡಿಯೋಗೆ ಹೂವಿನ ಕಸೂತಿ ಹಾಕಿದ ಗವಸು ಇತ್ತು. ಸುದ್ದಿ ಕೇಳುವಾಗಲೂ ಅದನ್ನು ತೆಗೆಯುತ್ತಿರಲಿಲ್ಲವಾದ್ದರಿಂದ ದೆಹಲಿಯ ಸುದ್ದಿಯೆಲ್ಲ ಕೌದಿ ಹೊದ್ದುಕೊಂಡೇ ಬರುತ್ತಿತ್ತು. ಮನೆಯ ಟಿ.ವಿ. ರಿಮೋಟು ಪ್ಲಾಸ್ಟಿಕ್ ಚೀಲದಲ್ಲಿಯೇ ಬಾಳಿ ಚೀಲದಲ್ಲಿಯೇ ತೀರಿಕೊಂಡಿತು. ಸೋಫಾದ ಬಣ್ಣ ಯಾವುದೆಂದು ಮನೆಯ ಸೊಸೆಗೆ ಇನ್ನೂ ಗೊತ್ತಿಲ್ಲ. ಮೇಲಿನ ಚಾದರದ ಬಣ್ಣ ಗೊತ್ತು.

ಫೋನು ಕೊಂಡ ಮೇಲೆ ಕಾಕಾ ಮನೆಗೆ ಹೋಗಲಿಲ್ಲ. ನೇರ ತೀನ್ ಕಂದೀಲಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋದರು.

“ತಮ್ಮಾ, ಗ್ಲಾಸ್ ಹಾಕು. ಛಲೋದು ಹಾಕು.”

“11ಡಿ ಅದ ಕಾಕಾ.”

“ಹಳೇ ಫೋನಿಗೆ 9ಡಿ ಅಂದಿದ್ದೆಲ್ಲೋ?”

“ಈಗ ಎರಡು ಡಿ ಜಾಸ್ತಿ ಆಗ್ಯಾವ್ರಿ.”

ದೇವರು ಈ ಲೋಕಕ್ಕೆ ಕೊಟ್ಟದ್ದು ಉದ್ದ, ಅಗಲ, ಎತ್ತರ ಎಂಬ ಮೂರೇ. ಮಿಕ್ಕ ಎಂಟು ಆ ಅಂಗಡಿಯಲ್ಲಿ ನೂರೈವತ್ತು ರೂಪಾಯಿಗೆ ಸಿಗುತ್ತವೆ. ಡಬ್ಬಿಯ ಮೇಲೆ ‘9ಎಚ್’ ಎಂದೂ ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ಓದಿದ ಕಾಕಾನ ಮುಖದಲ್ಲಿ ವಜ್ರ ಕೊಂಡವರ ಕಳೆ. ನಿಜ ಹೇಳಬೇಕೆಂದರೆ ಅದು ಪೆನ್ಸಿಲಿನ ಅಳತೆ. ಮಕ್ಕಳು ಬರೆಯುವ ಎಚ್‌ಬಿಯಿಂದ ಆಚೆಗೆ 2ಎಚ್, 4ಎಚ್ ಎಂದು ಗಟ್ಟಿಯಾಗುತ್ತ ಹೋಗಿ ಕೊನೆಗೆ ಬರುವುದು 9ಎಚ್. ಆ ಪೆನ್ಸಿಲಿನಿಂದ ಗೀಚಿದರೂ ಗೀರು ಬೀಳುವುದಿಲ್ಲ ಎಂಬುದಷ್ಟೇ ಡಬ್ಬಿಯ ಭರವಸೆ. ಕಾಕಾನ ಕಿಸೆಯಲ್ಲಿ ಪೆನ್ಸಿಲ್ ಇರುವುದಿಲ್ಲ, ಮಣ್ಣಿರುತ್ತದೆ. ಕೃಷ್ಣೆಯ ಮರಳು, ತುಂಗಭದ್ರೆಯ ಮರಳು ಎರಡೂ ಟಿಪ್ಪರಿನಲ್ಲಿ ತಿರುಗಾಡಿ, ಊರ ಮೇಲೆ ಉದುರಿ, ಅಂಗಿಯ ಕಿಸೆಗೆ ಬಂದು ಸೇರುವ ಜಿಲ್ಲೆ ನಮ್ಮದು. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಪಟ್ಟಿಯಲ್ಲಿ ಮರಳೊಳಗಿನ ಕ್ವಾರ್ಟ್ಜಿಗೆ 7ನೆಯ ಸ್ಥಾನ, ಗಾಜು ಅದಕ್ಕಿಂತ ಕೆಳಗೆ. ಒಂದು ಹರಳು ಸಾಕು. 11 ಡಿಗಳೂ ದಾರಿ ಬಿಡುತ್ತವೆ.

ಹಾಗೆಂದು ಫೋನಿನ ಸ್ವಂತ ಗಾಜೇನೂ ಬಡವನಲ್ಲ. ಸುಮಾರು 400 ಡಿಗ್ರಿ ಕಾದ ಪೊಟ್ಯಾಸಿಯಂ ಉಪ್ಪಿನ ದ್ರವದಲ್ಲಿ ಅದನ್ನು ಅದ್ದುತ್ತಾರೆ. ಗಾಜಿನೊಳಗೆ ಕೂತಿದ್ದ ಸಣ್ಣ ಸೋಡಿಯಂ ಕಣಗಳು ಎದ್ದುಹೋಗಿ ಆ ಜಾಗದಲ್ಲಿ ದಪ್ಪನೆಯ ಪೊಟ್ಯಾಸಿಯಂ ಕಣಗಳು ಬಂದು ಕೂರುತ್ತವೆ. ದೇವದುರ್ಗದ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂವರು ಕೂತಂತೆ ಎಲ್ಲ ಬಿಗಿಯಾಗಿ, ಅಲುಗಾಡಲು ಜಾಗವಿಲ್ಲದೆ, ಗಾಜಿಗೆ ಪೆಟ್ಟು ತಾಳುವ ಶಕ್ತಿ ಬರುತ್ತದೆ. ಇದನ್ನು ಕಾಕಾಗೆ ವಿವರಿಸಿದೆ. ಪೂರ್ತಿ ಕೇಳಿಕೊಂಡು, “ಹಂಗಾದ್ರ ಅಂಥಾ ಛಲೋ ಗಾಜಿಗೆ ಪೆಟ್ಟು ಬೀಳಬಾರದಲ್ಲೇನ್ರಿ?” ಎಂದರು.

ಗ್ಲಾಸು ಹಾಕುವಾಗ ಕಾಕಾ ಮೊದಲು ಮಾಡಿಸಿದ ಕೆಲಸ ಅಂಗಡಿಯ ಫ್ಯಾನ್ ಬಂದ್ ಮಾಡಿಸಿದ್ದು. ಧೂಳು ಹಾರಬಾರದು. ತಿಂಗಳು ಮೇ. ಚಾರ್ಜಿಂಗ್ ಪಿನ್ ಹಾಕಿಸಲು ಬಂದವರು, ಡಿಸ್‌ಪ್ಲೇ ಹೋಗಿ ಕಾಂಬೋದ ರೇಟು ಕೇಳಲು ಬಂದವರು, ಸುಮ್ಮನೆ ನಿಂತವರು ಎಲ್ಲರೂ ಬೆವರಿನಲ್ಲಿ ತೊಯ್ದು ನೋಡುತ್ತ ನಿಂತರು. ಹುಡುಗ ಒದ್ದೆ ಕಾಗದದಿಂದ ಒರೆಸಿದ, ಒಣ ಕಾಗದದಿಂದ ಒರೆಸಿದ, ನೀಲಿ ಸ್ಟಿಕ್ಕರಿನಿಂದ ಧೂಳು ಎತ್ತಿದ. ಕಾಕಾ ಉಸಿರು ಹಿಡಿದರು. ಗ್ಲಾಸು ನಡುವಿನಿಂದ ಅಂಚಿನವರೆಗೆ ತಾನೇ ಹಬ್ಬಿಕೊಂಡು ಕೂತಿತು. ಮೂಲೆಯಲ್ಲಿ ಸಾಸಿವೆಯಷ್ಟು ಒಂದು ಗುಳ್ಳೆ.

“ಇದೇನಿದು?”

“ಗುಳ್ಳಿರೀ ಕಾಕಾ. ಎರಡು ದಿನದಾಗ ಹೋಗ್ತದ.”

“ಎಲ್ಲಿಗೆ ಹೋಗ್ತದ?”

ಹುಡುಗನ ಬಳಿ ಉತ್ತರವಿರಲಿಲ್ಲ. ಅಂದಿನಿಂದ ಕಾಕಾ ಆರೂವರೆ ಅಂಗುಲದ ಪರದೆಯಲ್ಲಿ ನೋಡುವುದು ಆ ಗುಳ್ಳೆಯೊಂದನ್ನೇ. ಮಗಳು ಬೆಂಗಳೂರಿನಿಂದ ವಿಡಿಯೋ ಕಾಲ್ ಮಾಡಿದರೆ ಅವಳ ಮುಖ ಬಿಟ್ಟು ಕಣ್ಣು ಮೂಲೆಗೆ ಹೋಗುತ್ತದೆ. “ಅಪ್ಪಾ, ಎಲ್ಲಿ ನೋಡ್ಲಿಕತ್ತೀರಿ?” ಎಂದು ಅವಳು ಕೇಳುತ್ತಾಳೆ.

ಇದೇ ರಾಯಚೂರಿನ ಕೋಟೆಯ ಗೋಡೆಯಲ್ಲಿ 40 ಅಡಿಗೂ ಉದ್ದದ ಒಂದು ಕಲ್ಲಿದೆ, 1294ರ ಶಾಸನ ಹೊತ್ತದ್ದು. ಅಷ್ಟು ದೊಡ್ಡ ಕಲ್ಲನ್ನು ಬಂಡಿಗೆ ಹೇರಿ ಕೋಣಗಳಿಂದ ಎಳೆಸಿದ ಚಿತ್ರವನ್ನೂ ಅಲ್ಲಿಯೇ ಕೆತ್ತಿದ್ದಾರೆ. ತಾವು ಮಾಡಿದ ಕೆಲಸವನ್ನು ಆಗಲೇ ‘ಸ್ಟೇಟಸ್’ ಹಾಕಿದ ಜನ. ಏಳುನೂರು ವರ್ಷಗಳ ಬಿಸಿಲು, ಮಳೆ, ಮುತ್ತಿಗೆ ಎಲ್ಲ ಕಂಡಿದೆ. ಒಮ್ಮೆ ಕಾಕಾಗೆ ತೋರಿಸಿದೆ. ಹತ್ತಿರ ಹೋಗಿ, ಕೈಯಾಡಿಸಿ, “ಭಾಳ ಗೀರು ಬಿದ್ದಾವ್ರಿ” ಎಂದರು.

ಈಗ ಫೋನಿನ ಉಡುಪಿನ ವಿಚಾರ. ಬೆನ್ನಿಗೆ ಕಂಪನಿ ಅಂಟಿಸಿದ ತೆಳುಹಾಳೆ. ಅದನ್ನು ಕೀಳುವುದು ಅವರ ಜಾತಕದಲ್ಲಿಲ್ಲ. ಅದರ ಮೇಲೆ ಸಿಲಿಕಾನಿನ ಬ್ಯಾಕ್ ಕವರು. ಅದೆಲ್ಲವನ್ನೂ ನುಂಗಿಕೊಂಡ, ಕಂದು ಬಣ್ಣದ, ಎರಡು ಎಟಿಎಂ ಕಾರ್ಡು ಹಿಡಿಸುವ ಫ್ಲಿಪ್ ಕವರು. ಗಂಟೆ ಬಾರಿಸಿದಾಗ ಕಿಸೆಯಿಂದ ತೆಗೆದು, ಫ್ಲಿಪ್ ಬಿಚ್ಚಿ, ಯಾರೆಂದು ನೋಡಿ, ಗ್ಲಾಸಿನ ಮೇಲೆ ಬೆರಳು ಸರಿಸುವ ಹೊತ್ತಿಗೆ ಮಿಸ್ಡ್ ಕಾಲ್ ಆಗಿರುತ್ತದೆ. ಬೆರಳಚ್ಚು ಅಷ್ಟು ದಪ್ಪದ ಗ್ಲಾಸನ್ನು ದಾಟುವುದಿಲ್ಲ. ಆದ್ದರಿಂದ ಹೆಬ್ಬೆರಳಿಗೆ ನಾಲಗೆ ತಾಗಿಸಿ, ವಹಿಯ ಹಾಳೆ ತಿರುವುವ ಹಳೆಯ ಅಭ್ಯಾಸದಲ್ಲಿ, ಒತ್ತಿ ಹಿಡಿಯುತ್ತಾರೆ.

ಇಷ್ಟು ಹೊದ್ದ ಫೋನು ಬೇಸಿಗೆಯಲ್ಲಿ ಏನು ಮಾಡೀತು? ಐಫೋನಿನವರು ತಮ್ಮ ಫೋನನ್ನು 0ಯಿಂದ 35 ಡಿಗ್ರಿಯೊಳಗಿನ ಹವೆಯಲ್ಲಿ ಬಳಸಿರೆಂದು ಬರೆದುಕೊಟ್ಟಿದ್ದಾರೆ. ರಾಯಚೂರಿನ ಮಾರ್ಚಿಗೇ ಆ ಕರಾರು ಮುರಿದುಬೀಳುತ್ತದೆ. ಏಪ್ರಿಲ್, ಮೇಯಲ್ಲಿ 40 ದಾಟಿತೆಂದರೆ ಇಲ್ಲಿ ಯಾರೂ ಅದನ್ನು ಸುದ್ದಿ ಎನ್ನುವುದಿಲ್ಲ. ಒಂದು ಮಧ್ಯಾಹ್ನ ಕಾಕಾನ ಫೋನು ತಾನೇ ಬೆಳಕು ತಗ್ಗಿಸಿಕೊಂಡು, ಕ್ಯಾಮೆರಾ ಮುಚ್ಚಿ, ಕಾವು ಹೆಚ್ಚಾಗಿದೆಯೆಂದು ಬರೆದು ತೋರಿಸಿತು. ಕವರು ತೆಗೆದರೆ ಮುಗಿಯುತ್ತಿತ್ತು. ಅವರು ತೆಗೆಯಲಿಲ್ಲ, ಮನೆಗೆ ಹೋಗಿ ಕೂಲರಿನ ಮುಂದೆ ಸ್ಟೂಲು ಇಟ್ಟು, ಸ್ಟೂಲಿನ ಮೇಲೆ ಫೋನು ಮಲಗಿಸಿ, ತಾವು ಬಾಗಿಲ ಬಳಿ ಬೀಸಣಿಗೆ ಹಿಡಿದು ಕೂತರು. ಕೂಲರಿನ ಮುಂದೆ ಬಂದ ಮೊಮ್ಮಗನನ್ನು, “ಸರೀಲೇ, ಗಾಳಿ ಹೋಗ್ಲಿ ಅದಕ್ಕ” ಎಂದು ಎಬ್ಬಿಸಿದರು.

ಚಾರ್ಜು 80ಕ್ಕೆ ಬಂದೊಡನೆ ವೈರು ಕೀಳುತ್ತಾರೆ. ಇದರಲ್ಲಿ ಮಾತ್ರ ಅವರದು ಸರಿ. ಲಿಥಿಯಂ ಬ್ಯಾಟರಿಗೆ ಸದಾ ತುಂಬಿ ತುಳುಕುವುದೂ, ಕಾವೂ ಆಯುಷ್ಯ ಕಡಿಮೆ ಮಾಡುತ್ತವೆ. ಆದರೆ 1720 ಮೆಗಾವ್ಯಾಟಿನ ಶಕ್ತಿನಗರದ ಸ್ಥಾವರ ಪಕ್ಕದಲ್ಲೇ ಉರಿಯುತ್ತಿರುವ ಊರಿನಲ್ಲಿ ಒಬ್ಬ ಮನುಷ್ಯ ನಡುರಾತ್ರಿ ಎದ್ದು 79 ಆಗಿದೆಯೋ 81 ಆಗಿದೆಯೋ ನೋಡುತ್ತ ಕೂರುವುದನ್ನು ಬ್ಯಾಟರಿ ಕೇಳಿರಲಿಲ್ಲ. ಬ್ಯಾಟರಿಗೆ ಸಿಕ್ಕ ಆಯುಷ್ಯ ಯಾರದ್ದೆಂದು ಕಾಕಿ ನನ್ನನ್ನೇ ಕೇಳಿದರು.

ಇನ್ನು ಕ್ಯಾಮೆರಾ. ಕಾಕಾ ಫೋನು ಕೊಂಡದ್ದೇ 108 ಮೆಗಾಪಿಕ್ಸೆಲ್ ಇದೆಯೆಂದು. ಅದನ್ನು ತೋರಿಸಲು ಮೊದಲು ಹೋದದ್ದು ಹೆಂಡತಿಯ ತವರು ಮಾನ್ವಿಗೆ. ಹೊಸ್ತಿಲಲ್ಲೇ, “108 ತಂದೀನ್ರಿ” ಎಂದರು. ಒಳಗಿದ್ದ ಅತ್ತೆ ಗಾಬರಿಯಾಗಿ, “ಯಾರಿಗೇನಾತವ್ವಾ?” ಎಂದು ಓಡಿಬಂದರು. ನಮ್ಮ ಕಡೆ 108 ಅಂದರೆ ಆಂಬುಲೆನ್ಸ್. ಅದಕ್ಕೂ ಹಿಂದೆ ಅಷ್ಟೋತ್ತರ. ಎರಡೂ ಅಲ್ಲ, ಇದು ಫೋಟೊ ತೆಗೆಯುವುದು ಎಂದು ತಿಳಿಸುವಷ್ಟರಲ್ಲಿ ಚಹ ಆರಿತ್ತು.

ಆ 108ರ ಕತೆಯೂ ಪೂರ್ತಿ ನಿಜವಲ್ಲ. ಒಂಬತ್ತು ಪಿಕ್ಸೆಲ್ಲುಗಳನ್ನು ಕೂಡಿಸಿ ಒಂದು ಮಾಡಿ ಫೋನು ಸಾಮಾನ್ಯವಾಗಿ ಕೊಡುವುದು 12 ಮೆಗಾಪಿಕ್ಸೆಲ್ಲಿನ ಚಿತ್ರ. ಅದರಿಂದ ಬೆಳಕು ಹೆಚ್ಚು ಸಿಗುತ್ತದೆ, ಮೋಸವೇನಲ್ಲ. ಅಡತಿಯಲ್ಲಿ ಲೆಕ್ಕ ಬರೆದ ಕಾಕಾಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. “ಮಿಕ್ಕ 96 ಯಾರ ಖಾತೆಗೆ ಹೋದ್ವು?” ಎಂದರು. ಆ 12ನ್ನೂ ಅವರು ಬೀಗರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ವಾಟ್ಸಾಪು ಅದನ್ನು ಹಿಂಡಿ ಒಂದೆರಡು ಮೆಗಾಪಿಕ್ಸೆಲ್ಲಿಗೆ ಇಳಿಸಿ ಮುಂದೆ ಕಳಿಸುತ್ತದೆ. 2023ರ ಆಗಸ್ಟಿನಲ್ಲಿ ‘ಎಚ್‌ಡಿ’ ಗುಂಡಿ ಬಂದಿದೆ. ಕಾಕಾ ಅದನ್ನು ಒತ್ತುವುದಿಲ್ಲ. ಡೇಟಾ ಹೋಗುತ್ತದೆ.

ಹೋಗಲಿ ಎಂದರೆ, ಲೆನ್ಸಿಗೂ ಒಂದು ಗ್ಲಾಸು ಹಾಕಿಸಿದ್ದಾರೆ, ಐವತ್ತು ರೂಪಾಯಿಯದು. ಕಂಪನಿಯ ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ಕಣ್ಣಿಗೆ ತೀನ್ ಕಂದೀಲಿನ ಚಾಳೀಸು. ಹಗಲಲ್ಲಿ ಗೊತ್ತಾಗುವುದಿಲ್ಲ. ಸಂಜೆ ಮಾನ್ವಿಯ ಜಗನ್ನಾಥದಾಸರ ಮಂದಿರದ ಹೊರಗೆ ನಿಂತು ದೀಪಗಳ ಫೋಟೊ ತೆಗೆದರೆ ಬೆಳಕು ಆ ಗ್ಲಾಸಿನೊಳಗೇ ಒದ್ದಾಡಿ, ಪ್ರತಿ ದೀಪಕ್ಕೂ ಬಾಲ ಬಂತು. ಅತ್ತೆ ಕೈಮುಗಿದು, “ದಾಸಪ್ಪನ ಮಹಿಮಾ” ಎಂದರು. ಕಾಕಾ ಅವರ ಮಾತು ಮುರಿಯಲಿಲ್ಲ.

ಮಾವನವರ ಹೊಲ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ. ಕೊನೆಭಾಗವೆಂದರೆ ನೀರಿಗಿಂತ ಮೊದಲು ನೀರು ಬರುವ ಸುದ್ದಿ ಬರುತ್ತದೆ. ಎಷ್ಟೋ ಸಲ ಸುದ್ದಿಯೊಂದೇ ಬರುತ್ತದೆ. ಅರ್ಧ ಬಾಡಿದ ಭತ್ತದ ಫೋಟೊವನ್ನು ಕಾಕಾ ತೆಗೆದರು. ಇದು ಬೆಳೆ, ಇದು ಆಕಾಶ ಎಂದು ಫೋನು ತಾನೇ ಗುರುತಿಸಿ, ತನಗೆ ತಿಳಿದ ಹಸಿರನ್ನೆಲ್ಲ ಸುರಿಯಿತು. ಮಾವನವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಅಳಿಯಂದ್ರ, ಇದು ಯಾರ ಹೊಲ?”

“ನಿಮ್ದೇ ರೀ ಮಾವಾರ.”

“ನಮ್ಮ ಹೊಲ ಹಿಂಗ ಇದ್ದಿದ್ರ ಸೊಸೈಟಿಯವ್ರು ಮನಿಗೆ ಯಾಕ ಬರ್ತಿದ್ರು? ಇದನ್ನ ಯಾರಿಗೂ ತೋರಿಸ್ಬ್ಯಾಡ್ರಿ. ಬೆಳಿ ಹಾನಿ ಪರಿಹಾರ ಹೋಗ್ತದ.”

ದೇವದುರ್ಗದ ಕಡೆಯ ಹಳ್ಳಿಯಲ್ಲಿರುವ ತಂಗಿಯದು ಬೇರೆ ಜಾತಿಯ ಫೋನು. ಪರದೆ ಒಡೆದು ಜೇಡರಬಲೆಯಾಗಿದೆ, ಬೆನ್ನಿಗೆ ರಬ್ಬರ್ ಬ್ಯಾಂಡು ಸುತ್ತಿದೆ. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಆಕೆ ಕಾಯಕ ಬಂಧು, ಅಂದರೆ ಕೂಲಿಕಾರರ ಗುಂಪಿನ ಮುಂದಾಳು. 2023ರ ಜನವರಿ 1ರಿಂದ ಎನ್‌ಎಂಎಂಎಸ್ ಆಪಿನಲ್ಲಿ ದಿನಕ್ಕೆರಡು ಸಲ ಕೂಲಿಕಾರರ ಹಾಜರಿ ಫೋಟೊ ಹಾಕುವುದು ಕಡ್ಡಾಯವಾದಾಗ ಆ ಒಡಕು ಗಾಜಿನ ಹಿಂದೆಯೇ ಇಡೀ ಗುಂಪಿನ ಕೂಲಿ ನಿಂತಿತು. ನೆಟ್‌ವರ್ಕ್ ಹುಡುಕಿ ಬದುವಿನ ಮೇಲೆ ಹತ್ತುವುದು, ಸೆರಗಿನಿಂದ ಒರೆಸುವುದು, ಒಡೆದ ಜಾಗ ಬಿಟ್ಟು ಬೆರಳಿಡುವುದು ಎಲ್ಲ ಆಕೆಗೆ ಕರಗತ. ಗಂಡನಿಗಾಗಿ ಬೆಳೆ ಸಮೀಕ್ಷೆಯ ಫೋಟೊ ತೆಗೆಯುವುದೂ, ಮಗಳ ಪಾಠವೂ, ಸಂತೆಯ ಫೋನ್‌ಪೇಯೂ ಅದರಲ್ಲಿಯೇ.

ಕಾಕಾ ಹೋದ ದಿನವೇ ಆ ಫೋನು ಹ್ಯಾಂಗ್ ಆಗಬೇಕೇ?

“ಅಣ್ಣಾ, ನಿನ್ ಫೋನ್ ಕೊಡು. ಹೊತ್ತಾತು, ಮಂದಿ ಹಾಜರಿ ಹೋಗ್ತದ.”

ಕಾಕಾ ಕಿಸೆಯ ಮೇಲೆ ಕೈಯಿಟ್ಟು ನಿಂತರು. ಎದುರಿಗೆ ಗುದ್ದಲಿ, ಬುಟ್ಟಿ ಹಿಡಿದು ಸಾಲಾಗಿ ನಿಂತ ಜನ. “ಸ್ಟೋರೇಜ್ ತುಂಬ್ತದೇನವ್ವಾ…” ಎಂದು ನೋಡಿದರು. ಉಪಯೋಗವಾಗಲಿಲ್ಲ. ಫ್ಲಿಪ್ ಬಿಚ್ಚಿ, ಟವಲಿನಲ್ಲಿ ಸುತ್ತಿ, “ನಾನಾ ಹಿಡೀತೀನಿ, ನೀ ಒತ್ತು” ಎಂದರು. ಆಕೆ ಟವಲು ಕಿತ್ತೊಗೆದು, ಮಣ್ಣಿನ ಕೈಯಲ್ಲೇ ಫೋನು ಹಿಡಿದು, ಆಪ್ ಹಾಕಿ, ಲಾಗಿನ್ ಆಗಿ, ಫೋಟೊ ತೆಗೆದು ಏರಿಸಿದಳು. ಕಾಕಾನ ಮುಖ ಆ ಫೋಟೊದಲ್ಲಿ ಇಲ್ಲವಾದದ್ದು ಒಳ್ಳೆಯದಾಯಿತು. ಮುದುಕಿಯೊಬ್ಬಳು ಇಣುಕಿ ನೋಡಿ, “ಅಯ್ಯ, ಇದ್ರಾಗೂ ನಾ ಹಂಗಽ ಕಾಣ್ತೀನಲ್ಲ” ಎಂದಳು. ಫೋನು ಮರಳಿ ಬಂದಾಗ ಗ್ಲಾಸಿನ ಮೇಲೆ ಕಪ್ಪು ಮಣ್ಣಿನ ಹೆಬ್ಬೆಟ್ಟು ಅಚ್ಚುಕಟ್ಟಾಗಿ ಮೂಡಿತ್ತು, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿಯೂ ಅಷ್ಟು ಸ್ಪಷ್ಟ ಬೀಳುವುದಿಲ್ಲ. ರಾಯಚೂರು ಮುಟ್ಟುವವರೆಗೆ ಬಸ್ಸಿನಲ್ಲಿ ಅದನ್ನು ಒರೆಸುತ್ತ ಬಂದರಂತೆ.

ಎರಡು ವರ್ಷವಾಗಿ, ಹೊಸ ಮಾಡೆಲ್ ಬಂತು. 200 ಮೆಗಾಪಿಕ್ಸೆಲ್. ಎಕ್ಸ್‌ಚೇಂಜಿಗೆಂದು ಕಾಕಾ ಹೋದಾಗ ಜೊತೆಗೆ ನಾನೂ ಇದ್ದೆ. ಕೌಂಟರಿನ ಹುಡುಗ ಫ್ಲಿಪ್ ತೆಗೆದ, ಬ್ಯಾಕ್ ಕವರ್ ತೆಗೆದ, ಕಂಪನಿಯ ಹಾಳೆ ಕಿತ್ತ. ಕೊನೆಗೆ ಉಗುರು ತೂರಿಸಿ ಗ್ಲಾಸು ಎಬ್ಬಿಸಿದ. ಕಾಕಾ ತಮ್ಮ ಫೋನಿನ ಬರೀ ಮೈಯನ್ನು ಮೊದಲ ಸಲ ಮುಟ್ಟಿದರು. “ಅಲ್ಲೋ, ಇದು ಇಷ್ಟು ನುಣ್ಣಗ ಇತ್ತೇನೋ?” ಎಂದು ಎರಡು ಸಲ ಬೆರಳು ಸರಿಸಿದರು. ಹುಡುಗ ಬೆಳಕಿಗೆ ಹಿಡಿದು ಹೊರಳಿಸಿ ನೋಡಿ, ಗೀರಿಲ್ಲದ್ದಕ್ಕೆ ಐನೂರು ಜಾಸ್ತಿ ಕೊಡುವುದಾಗಿ ಹೇಳಿದ. ಗ್ಲಾಸು, ಕವರುಗಳಿಗೆ ಹೋದದ್ದೆಷ್ಟು ಎಂಬುದು ಕಾಕಾನ ಯಾವ ವಹಿಯಲ್ಲಿಯೂ ಇಲ್ಲವಾದ್ದರಿಂದ ಅವರಿಗೆ ಅದು ಲಾಭವೇ.

ಹುಡುಗ ಹಳೆಯ ಗ್ಲಾಸನ್ನು ಕಸದ ಬುಟ್ಟಿಗೆ ಎಸೆಯಲು ಹೋದ. ಕಾಕಾ ಅವನ ಕೈ ಹಿಡಿದರು.

“ಅದನ್ನ ಇಲ್ಲಿ ಕೊಡು.”

“ಹೊಸದಕ್ಕ ಇದು ಕೂಡಂಗಿಲ್ರಿ ಕಾಕಾ. ಸೈಜೇ ಬ್ಯಾರೆ ಅದ.”

“ಇರ್ಲಿ ಕೊಡೋ. ಫ್ಲಿಪ್ ಹಾಕಿ ಎಷ್ಟು ಜ್ವಾಕಿ ಮಾಡೀನಿ ಅದನ್ನ. ನೋಡು, ಒಂದು ಗೀರು ಬಿದ್ದಿಲ್ಲ.”