ಟೇಪಿನ ಉಪಚಾರ

ರೀಲ್ ಟೇಪ್ ಯಂತ್ರವೆಂದರೆ ಮೊದಲ ದೀಪಾವಳಿಗೆ ಬಂದ ಅಳಿಯ. ಉಪಚಾರ ಚೂರು ಕಮ್ಮಿಯಾದರೂ ಮುಖ ಊದಿಸಿಕೊಳ್ಳುತ್ತದೆ. ರೆಕಾರ್ಡಿಂಗಿಗೆ ಹಾಡುವವರು ಬರುವ ಮುಂಚೆಯೇ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಟೇಪು ತಾಗಿ ಓಡುವ ಹೆಡ್ ಒರೆಸಬೇಕು. ಕಡ್ಡಿ ಕಂದುಬಣ್ಣಕ್ಕೆ ತಿರುಗುತ್ತದೆ. ಅದು ಬರೀ ಕೊಳೆಯಲ್ಲ, ಟೇಪಿನಿಂದ ಉದುರಿದ ಐರನ್ ಆಕ್ಸೈಡ್. ಅಂದರೆ ಯಾರದೋ ಆಲಾಪದ ಚೂರು! ಆಮೇಲೆ ಹೆಡ್ಡಿನ ಕಾಂತತ್ವ ಇಳಿಸಬೇಕು. ಡಿಮ್ಯಾಗ್ನೆಟೈಸರನ್ನು ಮೆಲ್ಲಗೆ ದೂರ ಒಯ್ದ ಮೇಲೇ ಸ್ವಿಚ್ ಆರಿಸತಕ್ಕದ್ದು. ಹತ್ತಿರದಲ್ಲೇ ಆರಿಸಿದಿರೋ, ಇಳಿಯಬೇಕಾದ ಕಾಂತತ್ವ ಏರಿ ಕೂತಿರುತ್ತದೆ.

ಖರ್ಚೋ, ಕೇಳಬೇಡಿ. ಸೆಕೆಂಡಿಗೆ 30 ಇಂಚಿನಂತೆ ಓಡಿಸಿದರೆ 2,500 ಅಡಿಯ ರೀಲು 17 ನಿಮಿಷದೊಳಗೆ ಖಲಾಸ್. ಕೆಲವು ವಿದ್ವಾಂಸರಿಗೆ ಶ್ರುತಿ ಮಾಡಿಕೊಳ್ಳುವುದಕ್ಕೇ ಅಷ್ಟು ಸಾಲದು.

ಹಳೆಯ ಟೇಪುಗಳ ಕಥೆ ಇನ್ನೂ ಮಜಾ. 1970-80ರ ದಶಕದ ಕೆಲವು ಟೇಪುಗಳ ಅಂಟು ತೇವ ಹೀರಿಕೊಂಡು ಜಿಗುಟಾಗುತ್ತದೆ. ಯಂತ್ರಕ್ಕೆ ಹಾಕಿದರೆ ಟೇಪು ಹೆಡ್ಡಿಗೆ ಕಚ್ಚಿಕೊಂಡು ಕಿರುಚುತ್ತದೆ. ಮದ್ದು? ಸುಮಾರು 54 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಕಾಯಿಸುವುದು! ಹಾಗಂತ ಅಡುಗೆಮನೆಯ ಓವನ್ ಮೇಲೆ ಕಣ್ಣು ಹಾಕಬೇಡಿ, ಅದರ ಶಾಖ ನೆಚ್ಚುವಂಥದ್ದಲ್ಲ. ಕಾದ ಟೇಪು ಕೆಲವು ವಾರ ಸುಸೂತ್ರವಾಗಿ ಹಾಡುತ್ತದೆ. ಅಷ್ಟರಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಅದನ್ನು ಮೊಬೈಲಿನಲ್ಲಿ ಕೇಳಿದವರು, ‘ಆಹಾ, ಅನಲಾಗ್ ಧ್ವನಿಯಲ್ಲಿ ಅದೆಂಥ ಬಿಸುಪು!’ ಎನ್ನುತ್ತಾರೆ. ಇರದೆ ಏನು, ಒಲೆಯಿಂದ ಇಳಿದದ್ದಲ್ಲವೇ?